ಗುಂಡಿನ ಸದ್ದಿಲ್ಲದ ದುಃಖ

ಕೊಡವರ ಮನೆಯಲ್ಲಿ ಸಾವು ಸಂಭವಿಸಿದಾಗ ಆಕಾಶಕ್ಕೆ ಎರಡು ಗುಂಡು ಹಾರಿಸುವುದು ಬಹುಕಾಲದ ರೂಢಿ. ಗಂಡುಮಗು ಹುಟ್ಟಿದರೆ ಒಂದು ಗುಂಡು. ಸಾವಿಗೆ ಎರಡು, ಒಂದರ ಬೆನ್ನಿಗೇ ಇನ್ನೊಂದು. ಬೆಟ್ಟದ ಓರೆಗೊಂದು ಮನೆ, ನಡುವೆ ಗದ್ದೆಯ ಬಯಲು, ಆಚೆಗೆ ಕಾಫಿಯ ತೋಟ, ಅದರಾಚೆಗೆ ಕಾಡು. ಇಂಥ ನಾಡಿನಲ್ಲಿ ಸುದ್ದಿ ಮುಟ್ಟಿಸಲು ಹಿಂದಿನವರಿಗೆ ಇದಕ್ಕಿಂತ ಶೀಘ್ರವಾದ ಉಪಾಯವಿರಲಿಲ್ಲ. ಸದ್ದು ಕೇಳಿದ ನೆರೆಯವರು ಕೈಯ ಕೆಲಸ ಬಿಟ್ಟು ಹೊರಡುತ್ತಾರೆ. ಮುಂದಿನದೆಲ್ಲ ಕಟ್ಟಳೆಯಂತೆ ನಡೆಯುತ್ತದೆ. ನಡಿಕೇರಿಯಂಡ ಚಿಣ್ಣಪ್ಪನವರು 1924ರಲ್ಲಿ ಪ್ರಕಟಿಸಿದ 'ಪಟ್ಟೋಲೆ ಪಳಮೆ'ಯಲ್ಲಿ ಮದುವೆಯ ಹಾಡು, ಹಬ್ಬದ ಹಾಡುಗಳ ಜೊತೆಗೆ ಸಾವಿನ ಹಾಡುಗಳೂ ಇವೆ. ದುಃಖಪಡುವವನು ಮಾತಿಗಾಗಿ ತಡಕಾಡಬೇಕಾಗಿಲ್ಲ; ಅವನ ಪರವಾಗಿ ಊರೇ ಮಾತನ್ನೂ ಧಾಟಿಯನ್ನೂ ಒದಗಿಸಿಟ್ಟಿದೆ.

ಆದರೆ ಮೊದಲನೆಯ ಗುಂಡಿಗೂ ಎರಡನೆಯದಕ್ಕೂ ನಡುವೆ ಒಂದು ಗಳಿಗೆಯಿದೆ. ಒಂದು ಸದ್ದು ಕೇಳಿ ಇನ್ನೊಂದಕ್ಕಾಗಿ ಕಿವಿಗೊಟ್ಟವನಿಗೆ ಅದು ಹುಟ್ಟೋ ಸಾವೋ ತಿಳಿಯದು. ಎರಡನೆಯದೂ ಕೇಳಿಸಿದ ಮೇಲೆ ಅವನು ಏನು ಮಾಡಬೇಕೆಂಬುದನ್ನು ಸಂಪ್ರದಾಯ ಹೇಳುತ್ತದೆ. ಅದಕ್ಕೆ ಮುಂಚಿನ ಗಳಿಗೆಯ ಬಗೆಗೆ ಯಾವ ಸಂಪ್ರದಾಯವೂ ಏನನ್ನೂ ಹೇಳುವುದಿಲ್ಲ. ಅನಿರೀಕ್ಷಿತ ದುಃಖವನ್ನು ವಸ್ತುವಾಗಿ ಆರಿಸಿಕೊಂಡ ಸಣ್ಣಕಥೆಗೆ ಆ ಗಳಿಗೆಯೇ ನಿಜವಾದ ಕ್ಷೇತ್ರವೆಂದು ನನ್ನ ಭಾವನೆ. ಅಳು, ಶವಯಾತ್ರೆ, ಸಾಂತ್ವನದ ಮಾತುಗಳು ಕಾದಂಬರಿಗೆ ಸಲ್ಲಬಹುದು, ನಾಟಕಕ್ಕಂತೂ ಧಾರಾಳವಾಗಿ ಸಲ್ಲುತ್ತವೆ. ಸಣ್ಣಕಥೆಯು ಮನಸ್ಸು ಇನ್ನೂ ನಂಬದಿರುವ ಹೊತ್ತನ್ನು ಹಿಡಿಯಬಲ್ಲುದಾದರೆ ಅದರ ಕೆಲಸವಾಯಿತು.

ನಮ್ಮ ಪ್ರಾಚೀನ ಕವಿಗಳಿಗೆ ಈ ಗಳಿಗೆಯ ಪರಿಚಯವಿರಲಿಲ್ಲವೆಂದಲ್ಲ. ಅವರು ಅದನ್ನು ಬೇಗನೆ ದಾಟಿ ಪ್ರಲಾಪಕ್ಕೆ ಬರುತ್ತಿದ್ದರು. ರನ್ನನ 'ಗದಾಯುದ್ಧ'ದಲ್ಲಿ ದುರ್ಯೋಧನನು ಸಂಜಯನೊಡನೆ ಹೆಣಗಳ ನಡುವೆ ನಡೆಯುತ್ತ ತಮ್ಮನನ್ನೂ ಮಗನನ್ನೂ ಕಂಡು, ಕೊನೆಗೆ ಕರ್ಣನ ಕಳೇಬರದ ಮುಂದೆ ನಿಂತಾಗ ಅವನ ಶೋಕ ಮಾತಿನ ಪ್ರವಾಹವಾಗುತ್ತದೆ. ಕಾವ್ಯದ ಓದುಗನು ನಿರೀಕ್ಷಿಸುವುದೂ ಅದನ್ನೇ. ಲಕ್ಷಣಕಾರನಾದ ಭರತನ ಕಣ್ಣಿಗೆ ಮಾತ್ರ ಇನ್ನೊಂದು ಸಂಗತಿಯೂ ಬಿದ್ದಿತ್ತು. 'ನಾಟ್ಯಶಾಸ್ತ್ರ' ಎಣಿಸುವ 33 ವ್ಯಭಿಚಾರಿಭಾವಗಳಲ್ಲಿ 'ಜಡತೆ' ಒಂದು. ಇಷ್ಟವಾದುದನ್ನಾಗಲಿ ಅನಿಷ್ಟವಾದುದನ್ನಾಗಲಿ ಕೇಳಿದಾಗ, ಕಂಡಾಗ, ಮಾತು ನಿಂತುಹೋಗಿ ಎವೆಯಿಕ್ಕದೆ ನೋಡುವ ಸ್ಥಿತಿ ಅದು. ಇಷ್ಟಕ್ಕೂ ಅನಿಷ್ಟಕ್ಕೂ ಒಂದೇ ಜಡತೆ ಎಂಬಲ್ಲಿ ಎಂಥ ಸೂಕ್ಷ್ಮವಾದ ಅವಲೋಕನೆಯಿದೆ! ಮೊದಲನೆಯ ಗುಂಡು ಕೇಳಿದವನ ಸ್ಥಿತಿಯೂ ಇದೇ ಅಲ್ಲವೆ?

ಕನ್ನಡ ಭಾಷೆಯೂ ಈ ವಿಷಯದಲ್ಲಿ ಜಾಣತನ ತೋರಿದೆ. ಬಹುಕಾಲ ಹಾಸಿಗೆ ಹಿಡಿದವರನ್ನು ಕುರಿತು 'ತೀರಿಕೊಂಡರು' ಎನ್ನುತ್ತೇವೆ. ಲೆಕ್ಕ ತೀರಿದ, ಸಾಲ ಸಂದಾಯವಾದ ಧ್ವನಿ ಅದರಲ್ಲಿದೆ. ಬೆಳಿಗ್ಗೆ ಕಾಫಿ ಕುಡಿದು ಹತ್ತು ಗಂಟೆಗೆ ಇಲ್ಲವಾದವರನ್ನು ಕುರಿತು 'ಹೋಗಿಬಿಟ್ಟರು' ಎನ್ನುತ್ತೇವೆ. 'ಬಿಡು' ಎಂಬ ಆ ಸಹಾಯಕ ಕ್ರಿಯಾಪದ ಎಷ್ಟು ಕೆಲಸ ಮಾಡುತ್ತದೆ! ನಮ್ಮನ್ನು ಕೇಳದೆ, ನಾವು ಸಿದ್ಧರಾಗುವ ಮೊದಲೇ, ಹಿಂದಿರುಗಿಸಲಾಗದಂತೆ ಆಗಿಹೋಯಿತೆಂಬ ಅರ್ಥವೆಲ್ಲ ಅದರಲ್ಲಿ ಅಡಗಿದೆ. ಜೊತೆಗೆ ಹೋದವರ ಮೇಲೆ ಒಂದು ಸಣ್ಣ ದೂರೂ ಉಂಟು. ಕಥೆ ಬರೆಯಲು ಹೊರಟ ತರುಣರು ನಾಲ್ಕು ವಾಕ್ಯಗಳಲ್ಲಿ 'ಸಿಡಿಲೆರಗಿದಂತಾಯಿತು', 'ಭೂಮಿ ಬಾಯಿಬಿಟ್ಟಂತಾಯಿತು' ಎಂದು ವರ್ಣಿಸುವ ಬದಲು ಈ ಒಂದು ಕ್ರಿಯಾಪದವನ್ನು ತಕ್ಕ ಸ್ಥಳದಲ್ಲಿ ಇಟ್ಟರೆ ಸಾಕು.

ಪಾಶ್ಚಾತ್ಯ ಸಣ್ಣಕಥೆಯಲ್ಲಿ ಈ ವಸ್ತುವಿನ ಪ್ರಸ್ತಾಪ ಬಂದಾಗ ಚೆಕಾಫನ ಗಾಡಿಯವನನ್ನು ನೆನೆಯುವುದು ವಾಡಿಕೆ. ಮಗ ಸತ್ತ ಸುದ್ದಿಯನ್ನು ಹೇಳಿಕೊಳ್ಳಲು ಯಾರೂ ಸಿಗದೆ ಕೊನೆಗೆ ತನ್ನ ಕುದುರೆಗೇ ಹೇಳಿಕೊಂಡ ಆ ಮುದುಕನನ್ನು (ಕಥೆ ಪ್ರಕಟವಾದುದು 1886ರಲ್ಲಿ) ನಮ್ಮ ಓದುಗರೆಲ್ಲ ಬಲ್ಲರು. ಹೆಚ್ಚು ಹೇಳುವ ಅಗತ್ಯವಿಲ್ಲ. ಅಷ್ಟು ಪರಿಚಿತವಲ್ಲದುದು ಕ್ಯಾಥರೀನ್ ಮ್ಯಾನ್ಸ್‌ಫೀಲ್ಡ್ 1922ರಲ್ಲಿ ಬರೆದ 'ನೊಣ' ಎಂಬ ಕಥೆ. ಮೊದಲ ಮಹಾಯುದ್ಧದಲ್ಲಿ ಒಬ್ಬನೇ ಮಗನನ್ನು ಕಳೆದುಕೊಂಡ ಒಬ್ಬ ಯಜಮಾನ. ಆರು ವರ್ಷ ಕಳೆದ ಮೇಲೆ ಹಳೆಯ ಸ್ನೇಹಿತನೊಬ್ಬ ಮಾತಿನ ನಡುವೆ ಆ ಸಮಾಧಿಯ ಪ್ರಸ್ತಾಪವೆತ್ತುತ್ತಾನೆ. ಸ್ನೇಹಿತ ಹೋದ ಮೇಲೆ ಯಜಮಾನನು ಅಳುವುದಕ್ಕೆಂದೇ ಕೋಣೆಯ ಬಾಗಿಲು ಮುಚ್ಚಿಕೊಂಡು ಕೂಡುತ್ತಾನೆ, ಅಳು ಬರುವುದಿಲ್ಲ. ಮಸಿಕುಡಿಕೆಯಲ್ಲಿ ಬಿದ್ದ ನೊಣವೊಂದನ್ನು ಎತ್ತಿ ಕಾಗದದ ಮೇಲೆ ಬಿಡುತ್ತಾನೆ. ಅದು ರೆಕ್ಕೆ ಒರಸಿಕೊಂಡು ಹಾರಲು ಅಣಿಯಾದೊಡನೆ ಮತ್ತೊಂದು ಹನಿ ಮಸಿ ಹಾಕುತ್ತಾನೆ. ಇನ್ನೊಂದು, ಮತ್ತೊಂದು. ನೊಣ ಸಾಯುತ್ತದೆ. ಆಮೇಲೆ ತಾನು ಏನನ್ನು ಯೋಚಿಸುತ್ತಿದ್ದೆನೆಂಬುದೇ ಅವನಿಗೆ ನೆನಪಾಗುವುದಿಲ್ಲ. ಕಥೆಯನ್ನು ಮೊದಲ ಬಾರಿ ಓದಿದವರಿಗೆ ಈತನು ಕ್ರೂರಿಯೆನಿಸುತ್ತಾನೆ. ಎರಡನೆಯ ಬಾರಿ ಓದಿದಾಗ, ಆರು ವರ್ಷಗಳ ಹಿಂದಿನ ಆ ತಂತಿ ಸುದ್ದಿ ಅವನೊಳಗೆ ಇಳಿಯದೆ ಇನ್ನೂ ಬಾಗಿಲಲ್ಲೇ ನಿಂತಿದೆಯೆಂದು ತಿಳಿಯುತ್ತದೆ.

ನನ್ನ ದೃಷ್ಟಿಯಲ್ಲಿ ಇವೆರಡಕ್ಕಿಂತಲೂ ಆಳಕ್ಕೆ ಹೋದ ಕಥೆ ನಮ್ಮ ದೇಶದ್ದೇ: ರವೀಂದ್ರನಾಥ ಠಾಕೂರರು 1891ರಲ್ಲಿ ಬರೆದ 'ಖೋಕಾಬಾಬುವಿನ ಪುನರಾಗಮನ'. ರಾಯ್‌ಚರಣ್ ಎಂಬ ಆಳು ಒಡೆಯನ ಪುಟ್ಟ ಮಗುವನ್ನು ಪದ್ಮಾನದಿಯ ದಡಕ್ಕೆ ಕರೆದೊಯ್ಯುತ್ತಾನೆ. ಮಳೆಗಾಲ. ಮಗು ದೂರದ ಕದಂಬದ ಹೂವಿಗೆ ಆಸೆಪಡುತ್ತದೆ. ನೀರಿನ ಬಳಿಗೆ ಹೋಗಬೇಡವೆಂದು ಹೇಳಿ ಆಳು ಕೆಸರಿನಲ್ಲಿ ಕಾಲಿಡುತ್ತ ಹೂವು ತರಲು ಹೋಗುತ್ತಾನೆ. ನೀರಿನಲ್ಲಿ ಏನೋ ಬಿದ್ದ ಸದ್ದಾಗುತ್ತದೆ. ಮಳೆಗಾಲದ ಪದ್ಮೆಯಲ್ಲಿ ಅಂಥ ಸದ್ದುಗಳು ಎಷ್ಟೋ. ಹೂವಿನೊಡನೆ ಮರಳಿದಾಗ ಮಗುವಿಲ್ಲ. ನದಿ ಏನನ್ನೂ ಅರಿಯದಂತೆ ಹರಿಯುತ್ತಿದೆ. ಇದಿಷ್ಟು ಕಥೆಯ ಆರಂಭದ ಭಾಗ ಮಾತ್ರ. ಸಾಮಾನ್ಯ ಲೇಖಕನಾದರೆ ಇಲ್ಲಿಗೇ ನಿಲ್ಲಿಸಿ ಓದುಗನ ಕಣ್ಣಲ್ಲಿ ನೀರು ತರಿಸುತ್ತಿದ್ದ. ಠಾಕೂರರು ಮುಂದುವರಿಯುತ್ತಾರೆ. ಮಗುವನ್ನು ಇವನೇ ಕದ್ದನೆಂದು ಒಡತಿ ಸಂಶಯಪಡುತ್ತಾಳೆ. ಊರಿಗೆ ಹಿಂದಿರುಗಿದ ರಾಯ್‌ಚರಣನಿಗೆ ತಡವಾಗಿ ಒಂದು ಗಂಡುಮಗು ಹುಟ್ಟುತ್ತದೆ, ಹೆಂಡತಿ ತೀರಿಕೊಳ್ಳುತ್ತಾಳೆ. ಒಡೆಯನ ಮಗುವನ್ನು ನೀರಿಗೆ ಬಿಟ್ಟವನು ತಾನು ಮಗುವಿನ ಸುಖ ಪಡುವುದು ಪಾಪವೆಂದು ಅವನು ಮೊದಮೊದಲು ಆ ಶಿಶುವನ್ನು ದ್ವೇಷಿಸುತ್ತಾನೆ. ಆಮೇಲೆ ಅದರ ನಡೆನುಡಿಗಳಲ್ಲಿ ಹೋದ ಮಗುವಿನ ಗುರುತು ಕಾಣತೊಡಗುತ್ತದೆ. ಖೋಕಾಬಾಬುವೇ ತನ್ನಲ್ಲಿ ಮರಳಿ ಹುಟ್ಟಿದ್ದಾನೆ! ಕಳ್ಳನೆಂದು ಒಡತಿ ಆಡಿದ ಮಾತು ಈಗ ಅವನಿಗೆ ನಿಜವಾಗಿ ತೋರುತ್ತದೆ. ಸ್ವಂತ ಮಗನನ್ನು ಒಡೆಯರ ಮನೆಯ ಹುಡುಗನಂತೆ ಬೆಳೆಸಿ, ಇದ್ದುದನ್ನೆಲ್ಲ ಅದಕ್ಕೆ ಸುರಿದು, ಕೊನೆಗೆ ತಾನೇ ಕದ್ದೆನೆಂದು ಹೇಳಿ ಅವರಿಗೆ ಒಪ್ಪಿಸುತ್ತಾನೆ. ನೆಲೆಗೆಟ್ಟ ಮನಸ್ಸು ತನಗೊಂದು ತರ್ಕವನ್ನು ಕಟ್ಟಿಕೊಂಡು, ಆ ತರ್ಕಕ್ಕೆ ಬದುಕನ್ನೇ ಬಲಿಕೊಡುವ ಬಗೆಯನ್ನು ಇಷ್ಟು ತಣ್ಣನೆಯ ದನಿಯಲ್ಲಿ ಹೇಳಿದ ಕಥೆ ಅಪರೂಪ. ಅವನನ್ನು ಹುಚ್ಚನೆಂದು ಕಥೆ ಎಲ್ಲಿಯೂ ಕರೆಯುವುದಿಲ್ಲವೆಂಬುದನ್ನು ಗಮನಿಸಬೇಕು.

ವೈದ್ಯಶಾಸ್ತ್ರ ಈ ದಾರಿಗೆ ಬಂದುದು ಬಹಳ ತಡವಾಗಿ. 1942ರ ನವೆಂಬರಿನಲ್ಲಿ ಅಮೆರಿಕದ ಬಾಸ್ಟನ್ ನಗರದ ಒಂದು ವಿಹಾರಗೃಹಕ್ಕೆ ಬೆಂಕಿ ಬಿದ್ದು 492 ಜನ ಸತ್ತರು. ಬದುಕುಳಿದವರನ್ನೂ ಸತ್ತವರ ಬಂಧುಗಳನ್ನೂ ಕಂಡು ಮಾತನಾಡಿಸಿದ ಎರಿಕ್ ಲಿಂಡೆಮನ್ ಎಂಬ ಮನೋವೈದ್ಯ 1944ರಲ್ಲಿ ತನ್ನ ಅವಲೋಕನೆಗಳನ್ನು ಪ್ರಕಟಿಸಿದ. ಗಂಟಲು ಬಿಗಿಯುವುದು, ಮತ್ತೆಮತ್ತೆ ನಿಟ್ಟುಸಿರು, ಸುತ್ತಲಿನವರು ನೆರಳುಗಳಂತೆ ದೂರವೆನಿಸುವುದು, ಸತ್ತವರ ರೂಪವೇ ಕಣ್ಣಮುಂದೆ ನಿಲ್ಲುವುದು, ತನ್ನ ತಪ್ಪಿನಿಂದಲೇ ಹೀಗಾಯಿತೆಂಬ ಕೊರಗು, ಕಾರಣವಿಲ್ಲದ ಸಿಟ್ಟು, ಒಂದೆಡೆ ಕೂಡಲಾರದ ಚಡಪಡಿಕೆ. ಕೆಲವರಲ್ಲಿ ದುಃಖ ಆಗ ತೋರದೆ ಎಷ್ಟೋ ಕಾಲ ಕಳೆದ ಮೇಲೆ ತಲೆಯೆತ್ತುವುದನ್ನೂ ಆತ ಗುರುತಿಸಿದ. ರಾಯ್‌ಚರಣನ ಕೊರಗು, ಮ್ಯಾನ್ಸ್‌ಫೀಲ್ಡಳ ಯಜಮಾನನ ತಡವಾದ ಅಳು ಎರಡೂ ಈ ಪಟ್ಟಿಯಲ್ಲಿವೆ. ಕಥೆಗಾರರಿಗೆ ಇದು ಹೊಸದಾಗಿರಲಿಲ್ಲ. ಆದರೂ ತಾವು ಊಹೆಯಿಂದ ಬರೆದುದಕ್ಕೆ ಸಾಕ್ಷಿ ಸಿಕ್ಕಿದರೆ ಯಾರಿಗೆ ಬೇಡ?

ಇಷ್ಟು ಹೊತ್ತು ಹೊರಗೆ ಸುತ್ತಿ ಈಗ ಕೊಡಗಿಗೆ ಮರಳೋಣ. ಈ ನಾಡಿನಿಂದ ಕನ್ನಡ ಸಣ್ಣಕಥೆಗೆ ಬಂದ ಮೊದಲ ದೊಡ್ಡ ಹೆಸರು ಶ್ರೀಮತಿ ಗೌರಮ್ಮನವರದು. 1912ರಲ್ಲಿ ಮಡಿಕೇರಿಯಲ್ಲಿ ಒಂದು ಬ್ರಾಹ್ಮಣ ಕುಟುಂಬದಲ್ಲಿ ಹುಟ್ಟಿ, ಮದುವೆಯಾಗಿ ಸುಂಟಿಕೊಪ್ಪದ ಬಳಿಯ ಗುಂಡುಕುಟ್ಟಿ ತೋಟಕ್ಕೆ ಬಂದು, 'ಮಿಸೆಸ್ ಬಿ. ಟಿ. ಜಿ. ಕೃಷ್ಣ' ಎಂಬ ಹೆಸರಿನಲ್ಲಿ ಪತ್ರಿಕೆಗಳಿಗೆ ಬರೆದವರು. 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ ತಮ್ಮ ಮನೆಗೂ ಬರಬೇಕೆಂದು ಉಪವಾಸ ಹಿಡಿದು, ಬಂದವರ ಕೈಗೆ ಹರಿಜನ ನಿಧಿಗೆಂದು ಒಡವೆಗಳನ್ನು ತೆಗೆದುಕೊಟ್ಟ ಅವರ ಪ್ರಸಂಗ ಪ್ರಸಿದ್ಧವಾದುದು. ಆ ಕಾಲದ ಲೇಖಕಿಯರಲ್ಲಿ ವಿಧವೆಯರ ಗೋಳನ್ನು ಬರೆದವರು ಇನ್ನೂ ಇದ್ದರು. ಗೋಳನ್ನು ಬಿಟ್ಟು ವಿಧವೆಯ ಮನಸ್ಸನ್ನು ಬರೆದುದು ಗೌರಮ್ಮನವರ ವೈಶಿಷ್ಟ್ಯ.

'ವಾಣಿಯ ಸಮಸ್ಯೆ'ಯನ್ನೇ ನೋಡಿರಿ. ಇಂದು ಚಿಕ್ಕ ವಯಸ್ಸಿನ ವಿಧವೆ. ನೆರೆಮನೆಗೆ ಬಂದ ವಾಣಿ ಆಕೆಯ ಗೆಳತಿಯಾಗುತ್ತಾಳೆ. ವಾಣಿಯ ಗಂಡ ಡಾಕ್ಟರು. ಮನೆಗೆಲಸದಲ್ಲಿ ಅಷ್ಟೇನೂ ಚುರುಕಲ್ಲದ ವಾಣಿಗೆ ಇಂದು ನೆರವಾಗುತ್ತಾಳೆ. ಆ ಮನೆಯ ಅಚ್ಚುಕಟ್ಟಿನ ಹಿಂದೆ ಯಾರ ಕೈಯಿದೆಯೆಂಬುದು ಡಾಕ್ಟರಿಗೆ ತಿಳಿಯುತ್ತದೆ. ಅವರ ಮನಸ್ಸು ಆ ಕಡೆಗೆ ವಾಲುತ್ತದೆ. ಇದನ್ನು ಅರಿತ ಇಂದು ಊರನ್ನೇ ಬಿಟ್ಟು ಹೊರಟುಹೋಗುತ್ತಾಳೆ. ಏಕೆ ಹೋದಳೆಂಬುದು ವಾಣಿಗೆ ಬಿಡಿಸಲಾಗದ ಸಮಸ್ಯೆ. ಕಥೆಯ ಹೆಸರಿನ ಬಿಗಿ ಇರುವುದು ಇಲ್ಲಿ. ನೊಂದವಳು ಇಂದು, ಸಮಸ್ಯೆ ಮಾತ್ರ ವಾಣಿಯದು. ಹೊರಗಿನವರ ಕಣ್ಣಿಗೆ ಇಲ್ಲಿ ಯಾರೂ ಸತ್ತಿಲ್ಲ, ಏನೂ ನಡೆದಿಲ್ಲ. ಗಂಡ ಸತ್ತಾಗ ಇಂದುವಿಗೆ ಅಳುವ ಹಕ್ಕನ್ನು ಸಮಾಜ ಕೊಟ್ಟಿತ್ತು, ಅಳಲೇಬೇಕೆಂಬ ಬಲಾತ್ಕಾರವೂ ಇತ್ತು. ತನ್ನ ಬದುಕಿಗೆ ಸಿಕ್ಕಿದ್ದ ಒಂದಿಷ್ಟು ನೆರಳು, ಗೆಳತಿಯ ಮನೆಯ ಒಡನಾಟ, ಹೇಳಿಕೊಳ್ಳಲಾಗದ ಇನ್ನೂ ಏನೋ ಒಂದೇ ಏಟಿಗೆ ಕೈತಪ್ಪಿದಾಗ ಆಕೆ ಅಳುವಂತಿಲ್ಲ. ಗೆಳತಿಗೆ ಹೇಳುವಂತೆಯೂ ಇಲ್ಲ. ಹೊರಟುಹೋಗುವುದೊಂದೇ ಆ ದುಃಖಕ್ಕೆ ಉಳಿದ ಭಾಷೆ.

ಈ ಬಗೆಯ ದುಃಖಕ್ಕೆ ಕನ್ನಡದಲ್ಲಿ ಹಿರಿಯ ನಿದರ್ಶನವೊಂದುಂಟು. ರಾಘವಾಂಕನ ಚಂದ್ರಮತಿ ಮಗನಿಗೆ ಹಾವು ಕಚ್ಚಿದುದನ್ನು ಕೇಳಿಯೂ ಒಡೆಯನ ಮನೆಯ ಕೆಲಸ ತೀರಿಸಿಯೇ ಇರುಳಿನಲ್ಲಿ ಅವನನ್ನು ಹುಡುಕುತ್ತ ಹೋಗಬೇಕಾಗುತ್ತದೆ. ಅವಳು ಆಮೇಲೆ ಆಡುವ ಪ್ರಲಾಪ ಎಷ್ಟೇ ಹೃದಯವಿದ್ರಾವಕವಾಗಿರಲಿ, ಅದಕ್ಕಿಂತ ಹೆಚ್ಚಾಗಿ ನನ್ನ ಮನಸ್ಸಿನಲ್ಲಿ ನಿಂತಿರುವುದು ಸುದ್ದಿ ತಿಳಿದೂ ಕೆಲಸ ಮಾಡುತ್ತಿರುವ ಆ ಕೈಗಳು. 1989ರಲ್ಲಿ ಕೆನೆತ್ ಡೋಕಾ ಎಂಬ ಅಮೆರಿಕದ ವಿದ್ವಾಂಸ ಸಮಾಜವು ಮನ್ನಿಸದ, ಬಹಿರಂಗವಾಗಿ ತೋರಗೊಡದ ಶೋಕವನ್ನೇ ವಿಷಯವಾಗಿಟ್ಟುಕೊಂಡು ಗ್ರಂಥವೊಂದನ್ನು ಹೊರತಂದ. ಅಂಥ ಶೋಕ ಬಹುಕಾಲ ಉಳಿಯುತ್ತದೆಂಬುದು ಅವನ ವಾದ. ಕೊಡಗಿನ ಮಾತಿನಲ್ಲಿ ಹೇಳುವುದಾದರೆ, ಎರಡನೆಯ ಗುಂಡು ಹಾರದ ದುಃಖ ಅದು. ಕೇಳಿದವರ ಕಿವಿ ಇನ್ನೂ ನಿಮಿರಿಯೇ ಇದೆ.

ಗೌರಮ್ಮನವರ ಮುಂದಿನ ಪೀಳಿಗೆಯಲ್ಲಿ ಈ ದಾರಿಯನ್ನು ಬಹು ದೂರ ಒಯ್ದವರು ವೈದೇಹಿಯವರು. ಅವರ 'ಅಕ್ಕು' ಗಂಡ ಬಿಟ್ಟುಹೋದ ಹೆಂಗಸು. ಆತ ಸತ್ತಿದ್ದರೆ ಅವಳಿಗೆ ಒಂದು ಸ್ಥಾನವಿರುತ್ತಿತ್ತು, ಕಹಿಯಾದರೂ ಒಂದು ಹೆಸರಿರುತ್ತಿತ್ತು. ಅದಿಲ್ಲದುದರಿಂದ ಅವಳು ತಾನು ಬಸುರಿಯೆಂದು ಸಾರುತ್ತಾಳೆ. ಮನೆಯವರು ನಗುತ್ತಾರೆ, ರೇಗುತ್ತಾರೆ. ಅವಳ ಹುಚ್ಚಿನಲ್ಲಿ ಮನೆಯವರ ನಿಜಗಳೆಲ್ಲ ಹೊರಬೀಳುತ್ತವೆ. ಹುಚ್ಚನ್ನು ಕಥೆಯ ಅಂತ್ಯದಲ್ಲಿ ತಂದು ಕೈತೊಳೆದುಕೊಳ್ಳುವ ಅಭ್ಯಾಸ ನಮ್ಮಲ್ಲಿ ಬಹಳ. ತಾಯಿ ಸತ್ತಳು, ಮಗ ಹುಚ್ಚನಾಗಿ ಬೀದಿಯಲ್ಲಿ ಓಡಿದ, ಮುಗಿಯಿತು. ಇದು ಮನಸ್ಸಿನ ಮೇಲೆ ಮಾಡುವ ಅನ್ಯಾಯ. ಪೂರ್ಣಚಂದ್ರ ತೇಜಸ್ವಿಯವರ 'ತಬರನ ಕಥೆ'ಯಲ್ಲಿ ತಬರನ ಬುದ್ಧಿ ಕೆಡುವುದನ್ನು ನಾವು ನಂಬುವುದು ಏಕೆ? ಹೆಂಡತಿಯ ಸಾವಿಗೆ ಮೊದಲೇ ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆದ ಆ ಜವಾನನ ಬುದ್ಧಿಯನ್ನು ಸರ್ಕಾರದ ಕಾಗದಗಳು ಎಳೆಎಳೆಯಾಗಿ ಬಿಚ್ಚಿಹಾಕಿದ್ದವು. ಕೊಳೆತ ಕಾಲನ್ನು ಕತ್ತರಿಸಿಕೊಡೆಂದು ಕಟುಕನನ್ನು ಕೇಳಲು ಹೋಗುವ ಹೊತ್ತಿಗೆ ಅವನ ತರ್ಕ ರಾಯ್‌ಚರಣನ ತರ್ಕದಷ್ಟೇ ನಿಷ್ಠುರವಾಗಿದೆ. ಸಾವು ಅಲ್ಲಿ ಕೊನೆಯ ಗಂಟನ್ನು ಬಿಚ್ಚಿತು, ಅಷ್ಟೆ. ಹಠಾತ್ತಾಗಿ ಎರಗಿದ ದುಃಖವೊಂದರಿಂದಲೇ ಮನುಷ್ಯ ಆ ಕ್ಷಣವೇ ಹುಚ್ಚನಾಗುವುದು ಕಥೆಗಳಲ್ಲಿ ಎಷ್ಟು ಸಾಮಾನ್ಯವೋ ಬಾಳಿನಲ್ಲಿ ಅಷ್ಟು ಸಾಮಾನ್ಯವಲ್ಲ. ಬಾಳಿನಲ್ಲಿ ಅವನು ಎದ್ದು ದನಗಳಿಗೆ ಹುಲ್ಲು ಹಾಕುತ್ತಾನೆ. ಬಂದವರಿಗೆ ಕಾಫಿಯಾಯಿತೇ ಎಂದು ವಿಚಾರಿಸುತ್ತಾನೆ. ಮರುದಿನ ಸತ್ತವರಿಗೂ ಸೇರಿಸಿ ಎಲೆ ಹಾಕುತ್ತಾನೆ.

ಕೊಡಗಿನ ತರುಣರಿಗೆ ಈ ಮಾತನ್ನು ವಿಶೇಷವಾಗಿ ಹೇಳಬೇಕಾಗಿದೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಮದೆನಾಡು, ಜೋಡುಪಾಲ ಮುಂತಾದ ಕಡೆಗಳಲ್ಲಿ ಬೆಟ್ಟಗಳು ಕುಸಿದು ಮನೆ, ತೋಟ, ಜನ ಗಳಿಗೆಯಲ್ಲಿ ಇಲ್ಲವಾದರು. 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬ್ರಹ್ಮಗಿರಿ ಕುಸಿಯಿತು. ಇಂಥ ಅನುಭವವನ್ನು ಕಂಡ ಊರಿನ ವಿದ್ಯಾರ್ಥಿ ಕಥೆ ಬರೆಯಲು ಕುಳಿತರೆ ಮೊದಲ ಎರಡು ಪುಟಗಳನ್ನು ಮಳೆಗೂ ಕೆಸರಿಗೂ ಗುಡುಗಿಗೂ ಕೊಟ್ಟುಬಿಡುವ ಆಸೆ ಸಹಜ. ಅವನ್ನು ಪತ್ರಿಕೆಗಳೂ ಚಿತ್ರಗಳೂ ಆಗಲೇ ತೋರಿಸಿವೆ. ಮನೆಯೇ ಇಲ್ಲವಾದ ಮೇಲೂ ಅದರ ಬೀಗದ ಕೈಯನ್ನು ಸೆರಗಿನ ತುದಿಗೆ ಗಂಟುಹಾಕಿಕೊಂಡು ತಿರುಗುವ ಮುದುಕಿಯೊಬ್ಬಳನ್ನು ಕಲ್ಪಿಸಿಕೊಳ್ಳಿರಿ. ಪರಿಹಾರ ಶಿಬಿರದಲ್ಲಿ ಎಲ್ಲರೂ ಅಳುವಾಗ ಆಕೆ ಅಳುವುದಿಲ್ಲ. ಸಂಜೆಯಾದೊಡನೆ ಮಾತ್ರ ಕೋಳಿಗಳನ್ನು ಗೂಡಿಗೆ ಸೇರಿಸಬೇಕೆಂದು ಚಡಪಡಿಸುತ್ತಾಳೆ. ಆ ಚಡಪಡಿಕೆಯನ್ನು ವಿವರಿಸದೆ, ಅದಕ್ಕೆ ಅರ್ಥ ಹಚ್ಚದೆ, ಅವಳ ಹಿಂದೆ ಹೆಜ್ಜೆಯಿಡಬಲ್ಲವನಿಗೆ ಕಥೆ ಸಿಕ್ಕಿತು. ತರಗತಿಯಲ್ಲಿ ಕಥೆ ಪಾಠಮಾಡುವ ಅಧ್ಯಾಪಕರೂ 'ಈ ಪಾತ್ರದ ದುಃಖವನ್ನು ವರ್ಣಿಸಿರಿ' ಎಂಬ ಪ್ರಶ್ನೆಯನ್ನು ಕೈಬಿಟ್ಟು, 'ಸುದ್ದಿ ತಿಳಿದ ಮೇಲೆ ಈ ಪಾತ್ರ ಮಾಡಿದ ಮೊದಲ ಕೆಲಸವೇನು?' ಎಂದು ಕೇಳಬಹುದು. ಒಳ್ಳೆಯ ಕಥೆಯಾಗಿದ್ದರೆ ಅದಕ್ಕೆ ಉತ್ತರವಿರುತ್ತದೆ.

ಗೌರಮ್ಮನವರ ಸಾವೂ ಅನಿರೀಕ್ಷಿತವಾದುದೇ. 1939ರ ಏಪ್ರಿಲ್ 13ರಂದು ನೀರಿನ ಸುಳಿಗೆ ಸಿಕ್ಕಿ ಅವರು ಹೋಗಿಬಿಟ್ಟರು. ವಯಸ್ಸು 27. ಅವರನ್ನು ತಂಗಿಯೆಂದು ಕರೆಯುತ್ತಿದ್ದ ಬೇಂದ್ರೆಯವರು ಆ ದುಃಖದಲ್ಲಿ 'ತಂಗಿ ಗೌರಮ್ಮ' ಎಂಬ ಕವಿತೆ ಬರೆದರು. ಬೇಂದ್ರೆಯವರಿಗೆ ಇಂಥ ಏಟು ಹೊಸದಲ್ಲ. ಎಳೆಯ ಮಕ್ಕಳನ್ನು ಒಬ್ಬರಾದ ಮೇಲೊಬ್ಬರನ್ನು ಮಣ್ಣಿಗೆ ಕೊಟ್ಟವರು ಅವರು. ಮಗು ಕಣ್ಣಮುಂದೆ ಹೋಗುತ್ತಿರುವಾಗ ಹೆಂಡತಿಯ ನೋಟವನ್ನು ಎದುರಿಸಲಾರದ ಗಂಡನನ್ನು ಕುರಿತು ಅವರು ಬರೆದ ಇನ್ನೊಂದು ಕವಿತೆಯನ್ನು ಕನ್ನಡಿಗರಲ್ಲಿ ಅರಿಯದವರಿಲ್ಲ. ಅಲ್ಲಿಯೂ ಅಳು ಬಂದಿಲ್ಲ. ಎವೆಯಿಕ್ಕದ ಒಂದು ನೋಟ ಮಾತ್ರ ಇದೆ.

ಗೌರಮ್ಮನವರ ಮೊದಲ ಕಥಾಸಂಕಲನ ಅವರ ಕಣ್ಮರೆಯ ನಂತರ ಬೆಳಕು ಕಂಡಿತು. ಹೆಸರು 'ಕಂಬನಿ'. ಆಮೇಲೆ ಬಂದುದು 'ಚಿಗುರು'. 2023ರಲ್ಲಿ ಮಡಿಕೇರಿಯವರೇ ಆದ ದೀಪಾ ಭಾಸ್ತಿಯವರು ಈ ಕಥೆಗಳನ್ನು ಇಂಗ್ಲಿಷಿಗೆ ತಂದರು. ಹೀಗೆ 84 ವರ್ಷಗಳ ಮೇಲೆ ಗೌರಮ್ಮನವರು ಕನ್ನಡ ಬಾರದ ಓದುಗರ ಮನೆಯ ಬಾಗಿಲಿಗೂ ಹೋಗಿ ನಿಂತಿದ್ದಾರೆ. ಇಂದು ಏಕೆ ಹೊರಟುಹೋದಳೆಂದು ವಾಣಿಗೆ ಇನ್ನೂ ತಿಳಿದಿಲ್ಲ.